ಒಂದೇ ಕೈಗೆ ನಾಲ್ಕು ಗುಲಾಮರು

ಹೋದ ತಿಂಗಳು ಗಾಂಧಿ ಬಜಾರಿನ ಒಂದು ಗ್ರಂಧಿಗೆ ಅಂಗಡಿಯಲ್ಲಿ ಊದುಬತ್ತಿ ಕೊಳ್ಳಲು ನಿಂತಿದ್ದೆ. ಅಂಗಡಿಯವನು ನಾನು ಹೇಳಿದ ಊದುಬತ್ತಿ ಹುಡುಕುತ್ತ, ಗಲ್ಲಾಪೆಟ್ಟಿಗೆಯ ಹತ್ತಿರವಿದ್ದ ಇಸ್ಪೀಟಿನ ಹೊಸ ಕಟ್ಟೊಂದನ್ನು ನನ್ನ ಕಡೆ ಸರಿಸಿದ. ಅದರ ಮೇಲಿನ ತೆಳು ಕಾಗದ ಒಂದು ಮೂಲೆಯಲ್ಲಿ ಹರಿದಿತ್ತು. ಹೊಸ ಇಸ್ಪೀಟಿಗೆ ಒಂದು ವಾಸನೆಯಿದೆ, ನಿಮಗೂ ಗೊತ್ತಿರಬಹುದು. ಅರ್ಧ ಮೇಣದ್ದು, ಅರ್ಧ ಮುಖಕ್ಕೆ ಹಚ್ಚುವ ಪೌಡರಿನದು. ಅಷ್ಟೊಂದು ಊದುಬತ್ತಿಗಳ ನಡುವೆ ಆ ವಾಸನೆ ಪ್ರತ್ಯೇಕವಾಗಿ ನನ್ನ ಮೂಗಿಗೆ ತಲುಪಿತು ಎಂದರೆ ನೀವು ನಂಬಲಿಕ್ಕಿಲ್ಲ. ಅದರ ಸಾಧ್ಯತೆ ಕಡಿಮೆಯೆಂದು ನಾನೂ ಒಪ್ಪುತ್ತೇನೆ. ಆದರೆ ಮೂವತ್ತು ವರ್ಷ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಟ್ಟವನು ನಾನು. ಸಾಧ್ಯತೆ ಕಡಿಮೆಯಿರುವ ಸಂಗತಿಗಳು ಜಗತ್ತಿನಲ್ಲಿ ದಿನವೂ ಧಾರಾಳವಾಗಿ ನಡೆಯುತ್ತಿರುತ್ತವೆ ಎಂಬುದು ನನಗೆ ಗೊತ್ತಿದೆ. ಇದನ್ನು ಕಲಿಯುವುದಕ್ಕೆ ಬೇರೊಬ್ಬರ ಎರಡು ವರ್ಷ ಖರ್ಚಾಯಿತು ಎಂಬುದನ್ನು ಮಾತ್ರ ನಾನು ತರಗತಿಯಲ್ಲಿ ಯಾವತ್ತೂ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ಎಪ್ಪತ್ತರ ದಶಕದಲ್ಲಿ ನಮ್ಮ ಮನೆ ಚಾಮರಾಜಪೇಟೆಯಲ್ಲಿತ್ತು. ರಸ್ತೆಗೆ ಮುಖ ಮಾಡಿದ ವೆರಾಂಡಾ, ಅದಕ್ಕೆ ಹಸಿರು ಬಣ್ಣ ಬಳಿದ ಮರದ ಜಾಲರಿ. ಭಾನುವಾರ ಮಧ್ಯಾಹ್ನ ಸರಿಯಾಗಿ ಎರಡು ಗಂಟೆಗೆ ಆ ವೆರಾಂಡಾದಲ್ಲಿ ಚಾಪೆ ಹಾಸುತ್ತಿದ್ದರು, ಆರು ಗಂಟೆಗೆ ಸುತ್ತಿಡುತ್ತಿದ್ದರು. ನಡುವಿನ ನಾಲ್ಕು ಗಂಟೆ ಇಪ್ಪತ್ತೆಂಟರ ಆಟ. ಮಳೆ ಬಂದರೂ ಆಟ, ನೆಂಟರು ಬಂದರೂ ಆಟ. ಭಾನುವಾರ ಗ್ರಹಣ ಹಿಡಿದರೆ, ಬಿಟ್ಟ ಮೇಲೆ ಸ್ನಾನ ಮಾಡಿ ಆಟ.

ಆಡುವವರು ನಾಲ್ಕು ಜನ. ಒಬ್ಬರು ನನ್ನ ಅಪ್ಪ, ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟು. ವಾರದ ಆರು ದಿನ ಅವರು ಮಾತನಾಡುತ್ತಿದ್ದುದು ಕಡಿಮೆ, ಏಳನೆಯ ದಿನ ಅದಕ್ಕಿಂತ ಕಡಿಮೆ. ಅವರ ಜೊತೆಗಾರ ಪಕ್ಕದ ಮನೆಯ ಶಾಮಣ್ಣ. ಇವರು ಅಂಚೆ ಇಲಾಖೆಯವರು, ಅಪ್ಪ ಉಳಿಸಿದ ಮಾತುಗಳನ್ನೆಲ್ಲ ತಾವೇ ಆಡುತ್ತಿದ್ದವರು. ಎದುರು ಪಕ್ಷದಲ್ಲಿ ಅಪ್ಪನ ಅಕ್ಕ, ನಮ್ಮ ರಾಜಮ್ಮ ಅತ್ತೆ. ಇಪ್ಪತ್ತಾರನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು. ದೇವಸ್ಥಾನ ಬಿಟ್ಟರೆ ಹೊರಗೆ ಹೋಗದವರು. ಅವರ ಜೊತೆಗಾರ ಮುನಿವೆಂಕಟಪ್ಪ. ಗಾಂಧಿ ಬಜಾರಿನಲ್ಲಿ ತರಕಾರಿ ಅಂಗಡಿ ಇಟ್ಟವರು.

ತರಕಾರಿ ಅಂಗಡಿಯವರು ನಮ್ಮ ಚಾಪೆಯ ಮೇಲೆ ಹೇಗೆ ಬಂದರು ಎಂದು ನೀವು ಕೇಳಬಹುದು. ಆಗಿನ ಕಾಲಕ್ಕೆ ಅದು ಕೇಳಬೇಕಾದ ಪ್ರಶ್ನೆಯೇ. ಮೊದಲು ಅತ್ತೆಗೆ ಜೊತೆಗಾರರಾಗಿದ್ದವರು ಎದುರು ಮನೆಯ ಮೇಷ್ಟರು. ಅವರಿಗೆ ಹಾಸನಕ್ಕೆ ವರ್ಗವಾಯಿತು. ಆ ಭಾನುವಾರ ಮೂರು ಜನ ಚಾಪೆಯ ಮೇಲೆ ಕೂತು ನಾಲ್ಕನೆಯ ಖಾಲಿ ಜಾಗವನ್ನು ನೋಡುತ್ತಿದ್ದರು. ಅದೇ ಹೊತ್ತಿಗೆ ಮುನಿವೆಂಕಟಪ್ಪ ಸೈಕಲ್ಲಿನಲ್ಲಿ ಒಂದು ಮೂಟೆ ಅವರೆಕಾಯಿ ಹೇರಿಕೊಂಡು ಗೇಟಿಗೆ ಬಂದರು, ಹಿಂದಿನ ದಿನ ಅಮ್ಮ ತರಲು ಹೇಳಿದ್ದಳು. ಅತ್ತೆ ಜಾಲರಿಯ ಹಿಂದಿನಿಂದ ಇಪ್ಪತ್ತೆಂಟು ಬರುತ್ತದೆಯೇ ಎಂದು ಕೇಳಿದರಂತೆ.

"ಬರುತ್ತೆ ಅಮ್ಮಾ," ಎಂದರಂತೆ ಮುನಿವೆಂಕಟಪ್ಪ. "ಆದ್ರೆ ಸೋಲೋದು ಅಷ್ಟಾಗಿ ಬರಲ್ಲ."

ಒಂದು ಗಂಟೆ ಕೂತು ಹೋಗುತ್ತೇನೆ ಎಂದು ಒಳಬಂದವರು ಒಂಬತ್ತು ವರ್ಷ ಕೂತರು. ಭಾನುವಾರ ಮಧ್ಯಾಹ್ನ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ, ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ಬರುತ್ತಿದ್ದರು. ಎರಡಕ್ಕೆ ಐದು ನಿಮಿಷವಿರುವಾಗ ಗೇಟಿನ ಸದ್ದಾದರೆ ಅದು ಅವರೇ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಕಟ್ಟಿನಿಂದ ಎರಡರಿಂದ ಆರರವರೆಗಿನ ಎಲೆಗಳನ್ನು ತೆಗೆದಿಟ್ಟರೆ ಮೂವತ್ತೆರಡು ಉಳಿಯುತ್ತವೆ, ನಾಲ್ವರಿಗೆ ಎಂಟೆಂಟು. ಗುಲಾಮನಿಗೆ ಮೂರು ಅಂಕ, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಎಲ್ಲ ಕೂಡಿದರೆ ಇಪ್ಪತ್ತೆಂಟು. ಇಷ್ಟು ಅಂಕ ಗೆಲ್ಲುತ್ತೇವೆಂದು ಮೊದಲ ನಾಲ್ಕು ಎಲೆ ನೋಡಿಯೇ ಕೂಗಬೇಕು, ಹದಿನಾಲ್ಕಕ್ಕಿಂತ ಕೆಳಗೆ ಕೂಗುವಂತಿಲ್ಲ. ರಾಜ ರಾಣಿಯರಿಗೆ ಸೊನ್ನೆ. ಗುಲಾಮ ಎಲ್ಲರಿಗಿಂತ ಮೇಲೆ, ರಾಜ ಹತ್ತಕ್ಕಿಂತಲೂ ಕೆಳಗೆ. ಇಂಥ ಆಟವನ್ನು ನಮ್ಮ ವೆರಾಂಡಾದಲ್ಲಿ ಯಾರೂ ತಪ್ಪು ತಿಳಿಯದೆ ಆಡುತ್ತಿದ್ದರು.

ಅತ್ತೆಯೂ ಮುನಿವೆಂಕಟಪ್ಪನವರೂ ಆಡುವುದನ್ನು ನೋಡಬೇಕಿತ್ತು. ಅತ್ತೆ ಒಂದು ಎಲೆ ಹಾಕಿದರೆ ಅದರಿಂದ ಅವರ ಕೈಯಲ್ಲಿ ಉಳಿದ ಏಳೂ ಮುನಿವೆಂಕಟಪ್ಪನವರಿಗೆ ತಿಳಿಯುತ್ತಿತ್ತು. ಅವರು ಎಲೆ ಹಾಕುವ ಮೊದಲು ಒಮ್ಮೆ ಮೀಸೆ ಮುಟ್ಟಿಕೊಂಡರೆ ಅತ್ತೆ ತಮ್ಮ ಆಲೋಚನೆ ಬದಲಿಸುತ್ತಿದ್ದರು. ಮೀಸೆ ಮುಟ್ಟಿಕೊಳ್ಳುವುದು ಸಂಜ್ಞೆಯೆಂದು ಶಾಮಣ್ಣ ತಕರಾರು ಮಾಡಿದ ಮೇಲೆ ಮುಟ್ಟಿಕೊಳ್ಳುವುದನ್ನು ಬಿಟ್ಟರು. ಆಗಲೂ ಅತ್ತೆಗೆ ತಿಳಿಯುತ್ತಿತ್ತು. ಬೇರೆ ಮಾತು ಅವರ ನಡುವೆ ಇರಲಿಲ್ಲ. ಒಂಬತ್ತು ವರ್ಷದಲ್ಲಿ ಅವರಿಬ್ಬರೂ ಆಡಿಕೊಂಡದ್ದೆಲ್ಲ ಹದಿನಾಲ್ಕರಿಂದ ಇಪ್ಪತ್ತೆಂಟರವರೆಗಿನ ಸಂಖ್ಯೆಗಳಲ್ಲೇ ಮುಗಿದಿತ್ತು.

ನಾಲ್ಕು ಗಂಟೆಗೆ ಅಮ್ಮ ಕಾಫಿ ತರುತ್ತಿದ್ದಳು. ಮೂವರಿಗೆ ಸ್ಟೀಲ್ ಲೋಟದಲ್ಲಿ, ಮುನಿವೆಂಕಟಪ್ಪನವರಿಗೆ ಗಾಜಿನ ಲೋಟದಲ್ಲಿ. ಗಾಜಿನದು ಹೆಚ್ಚು ಮರ್ಯಾದೆಯ ಲೋಟವೆಂದು ನಾನು ಬಹಳ ವರ್ಷ ನಂಬಿದ್ದೆ. ಆಟ ವೆರಾಂಡಾದಲ್ಲೇ ನಡೆಯುವುದು ಗಾಳಿ ಬರಲೆಂದು ಎಂಬುದನ್ನೂ ನಂಬಿದ್ದೆ. ಡಿಸೆಂಬರಿನ ಚಳಿಯಲ್ಲಿ ಯಾರಿಗೆ ಗಾಳಿ ಬೇಕಿತ್ತು ಎಂಬ ಪ್ರಶ್ನೆ ಹೊಳೆಯಲಿಲ್ಲ. ಪ್ರಶ್ನೆಗಳು ನನಗೆ ಹೊಳೆಯುತ್ತಿದ್ದುದು ಪುಸ್ತಕದ ಅಧ್ಯಾಯಗಳ ಕೊನೆಯಲ್ಲಿ ಮಾತ್ರ.

ಎಪ್ಪತ್ತೊಂಬತ್ತರಲ್ಲಿ ನಾನು ಬಿ.ಎಸ್ಸಿ. ಮೊದಲ ವರ್ಷಕ್ಕೆ ಸೇರಿದೆ. ಸಂಖ್ಯಾಶಾಸ್ತ್ರ ನನ್ನ ಒಂದು ವಿಷಯ. ಹೊಸದಾಗಿ ಈಜು ಕಲಿತವನು ಕಂಡ ಕಂಡ ತೊಟ್ಟಿಗೆ ಇಳಿಯುವಂತೆ ನಾನು ಕಂಡ ಕಂಡದ್ದರ ಸಾಧ್ಯತೆ ಲೆಕ್ಕ ಹಾಕುತ್ತಿದ್ದೆ. ಬಸ್ಸು ತಡವಾಗುವ ಸಾಧ್ಯತೆ, ಹುಳಿಯಲ್ಲಿ ಉಪ್ಪು ಜಾಸ್ತಿಯಾಗುವ ಸಾಧ್ಯತೆ. ಎರಡನೆಯದನ್ನು ಅಮ್ಮನಿಗೆ ಹೇಳಿದಾಗ ಅವಳು ಕೊಟ್ಟ ಉತ್ತರ ಈ ಪ್ರಬಂಧಕ್ಕೆ ಸೇರಿದ್ದಲ್ಲ. ವೆರಾಂಡಾದ ಆಟವಂತೂ ನನಗಾಗಿಯೇ ಮಾಡಿಟ್ಟಂತಿತ್ತು. ಆ ವರ್ಷವಿಡೀ ನಾನು ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಆಟವನ್ನೂ ಬರೆದಿಟ್ಟೆ. ಸ್ಕೇಲು ಹಿಡಿದು ಮನೆಗಳನ್ನು ಎಳೆದಿದ್ದೆ. ತಾರೀಖು, ಎಲೆ ಹಂಚಿದವರು, ಕೂಗು, ಗೆದ್ದವರು, ವಿಶೇಷ. ವಿಶೇಷವೆಂಬ ಮನೆಯಲ್ಲಿ ಅಸಾಧಾರಣವಾದ ಕೈ ಬಂದರೆ ಬರೆಯುವುದು.

ಅತ್ಯಂತ ಅಸಾಧಾರಣವಾದದ್ದು ನಾಲ್ಕೂ ಗುಲಾಮರು ಒಬ್ಬರ ಕೈಗೇ ಬರುವುದು. ಆ ವರ್ಷ ಅದು ಮುನಿವೆಂಕಟಪ್ಪನವರಿಗೆ ಮೂರು ಸಲ ಬಂತು. ಮೊದಲ ಸಲ ಎಲ್ಲರೂ ಮೆಚ್ಚಿದರು. ಎರಡನೆಯ ಸಲ ಶಾಮಣ್ಣ ತಮ್ಮ ಎಲೆಗಳನ್ನು ಚಾಪೆಯ ಮೇಲೆ ಎಸೆದರು. ಮೂರನೆಯ ಸಲ, ಫೆಬ್ರವರಿಯ ಒಂದು ಭಾನುವಾರ, ಮುನಿವೆಂಕಟಪ್ಪ ಗುಲಾಮರನ್ನು ಒಂದೊಂದಾಗಿ ಇಳಿಸಿದರು. ನಾಲ್ಕನೆಯದು ಬಿದ್ದ ಮೇಲೆ ಶಾಮಣ್ಣ, ಗುಲಾಮರೆಲ್ಲ ನಿಮ್ಮ ಕಡೆಯವರೇ ಏನ್ರೀ ಎಂದು ಕೇಳಿದರು. ತಮಾಷೆಗೆ ಕೇಳಿದ್ದೇ ಇರಬೇಕು. ಮುನಿವೆಂಕಟಪ್ಪ ಮುಗುಳ್ನಕ್ಕು ಎಲೆ ಕಲೆಸಿದರು.

ಅಲ್ಲಿಗೆ ಮುಗಿಯಬಹುದಿತ್ತು. ನಾನು ಮಧ್ಯೆ ಬಾಯಿ ಹಾಕಿ, ಇದರ ಸಾಧ್ಯತೆ ಎಷ್ಟೆಂದು ಮುಂದಿನ ವಾರ ಹೇಳುತ್ತೇನೆ ಎಂದೆ. ಶಾಮಣ್ಣ ಹೇಳಪ್ಪ ಹೇಳು ಎಂದರು.

ವಾರವೆಲ್ಲ ಕೂತು ಲೆಕ್ಕ ಹಾಕಿದೆ. ಲೆಕ್ಕ ಕಷ್ಟದ್ದಲ್ಲ. ಮೂವತ್ತೆರಡು ಜಾಗಗಳಲ್ಲಿ ನಾಲ್ಕು ಗುಲಾಮರು ಕೂರುವ ರೀತಿಗಳು ಮೂವತ್ತೈದು ಸಾವಿರದ ಒಂಬೈನೂರ ಅರವತ್ತು. ನಿಮ್ಮ ಎಂಟು ಜಾಗಗಳಲ್ಲೇ ನಾಲ್ವರೂ ಕೂರುವ ರೀತಿಗಳು ಎಪ್ಪತ್ತು. ಭಾಗಿಸಿದರೆ ಐನೂರ ಹದಿನಾಲ್ಕಕ್ಕೆ ಒಂದು. ಇಷ್ಟು ಸರಿ, ಇವತ್ತಿಗೂ ಸರಿ. ಮೂರು ಸಲ ಬಂದಿದೆಯಲ್ಲ ಎಂದು ಐನೂರ ಹದಿನಾಲ್ಕನ್ನು ಐನೂರ ಹದಿನಾಲ್ಕರಿಂದಲೂ, ಬಂದದ್ದನ್ನು ಮತ್ತೆ ಐನೂರ ಹದಿನಾಲ್ಕರಿಂದಲೂ ಗುಣಿಸಿದೆ. ಲಾಗರಿದಂ ಪುಸ್ತಕದಲ್ಲಿ ತಾಳೆ ನೋಡಿದೆ. ಹದಿಮೂರೂವರೆ ಕೋಟಿಗೆ ಒಂದು. ಅಷ್ಟು ದೊಡ್ಡ ಸಂಖ್ಯೆ ಅದುವರೆಗೆ ನನ್ನ ಕೈಯಿಂದ ಹುಟ್ಟಿರಲಿಲ್ಲ. ಒಂದು ಬಿಳಿ ಹಾಳೆಯ ಮೇಲೆ ಅದನ್ನು ಶುದ್ಧವಾಗಿ ನಕಲು ಮಾಡಿ ಕೆಳಗೆ ಎರಡು ಗೆರೆ ಎಳೆದೆ.

ಭಾನುವಾರ ಕಾಫಿಯ ಹೊತ್ತಿಗೆ ನಾನು ಆ ಹಾಳೆಯನ್ನು ಓದಿದೆ. ಯಾರನ್ನೂ ಕಳ್ಳರೆಂದು ಕರೆಯುವುದು ನನ್ನ ಉದ್ದೇಶವಾಗಿರಲಿಲ್ಲ. ಶಹಭಾಸ್ ಅನ್ನಿಸಿಕೊಳ್ಳುವುದು ಮಾತ್ರ ನನ್ನ ಉದ್ದೇಶ. ಅಪ್ಪ ಕಾಫಿ ಲೋಟದೊಳಗೆ ನೋಡುತ್ತಿದ್ದರು. ಶಾಮಣ್ಣ, ಎಷ್ಟು ಕೋಟಿ ಅಂದೆ ಎಂದು ಮತ್ತೊಮ್ಮೆ ಕೇಳಿದರು. ಮತ್ತೊಮ್ಮೆ ಹೇಳಿದೆ.

ಮುನಿವೆಂಕಟಪ್ಪ ಲೋಟ ಕೆಳಗಿಟ್ಟರು. "ಹಂಗಂದ್ರೆ ಏನು ಸ್ವಾಮಿ?"

"ಅಂದ್ರೆ ತಾನಾಗೇ ಹಿಂಗಾಗೋ ಸಾಧ್ಯತೆ ಇಲ್ಲ ಅಂತ್ಲೇ ಹೇಳ್ಬಹುದು," ಎಂದೆ ನಾನು. ಪುಸ್ತಕದಲ್ಲಿ ಹಾಗೇ ಬರೆದಿತ್ತು.

"ತಾನಾಗೇ ಆಗಿಲ್ಲ ಅಂದ್ರೆ ಇನ್ನು ಹೆಂಗಾಯ್ತು?"

ಅವರು ಕೇಳಿದ್ದು ನನ್ನನ್ನಲ್ಲ. ಒಬ್ಬೊಬ್ಬರ ಮುಖವನ್ನೂ ಸರದಿಯಾಗಿ ನೋಡುತ್ತ ಕೇಳಿದರು. ಅಪ್ಪ ಲೋಟವನ್ನು ಪಕ್ಕಕ್ಕೆ ಸರಿಸಿದರು. ಶಾಮಣ್ಣ, ಆಯ್ತು ಆಡೋಣ, ಯಾರದು ಹಂಚೋದು ಎಂದರು. ಅತ್ತೆ ಎಲೆಗಳನ್ನು ಎತ್ತಿಕೊಂಡು ಕಲೆಸತೊಡಗಿದರು. ಬಹಳ ಹೊತ್ತು ಕಲೆಸಿದರು.

ಆ ಮಧ್ಯಾಹ್ನ ಮುನಿವೆಂಕಟಪ್ಪ ಹದಿನಾಲ್ಕಕ್ಕಿಂತ ಮೇಲೆ ಕೂಗಲಿಲ್ಲ. ತಮ್ಮ ಸರದಿ ಬಂದಾಗ ಕಟ್ಟನ್ನು ಶಾಮಣ್ಣನವರ ಮುಂದಿಟ್ಟು, ನೀವೇ ಹಂಚಿಬಿಡಿ ಎಂದರು. ಶರಟಿನ ತೋಳನ್ನು ಮೊಣಕೈ ಮೇಲಕ್ಕೆ ಮಡಿಸಿಕೊಂಡರು. ನಮ್ಮ ಮನೆಯಲ್ಲಿ ಅವರು ತೋಳು ಮಡಿಸಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆರು ಗಂಟೆಗೆ ಎದ್ದು, ಬರ್ತೀನಿ ಅಮ್ಮಾ ಎಂದು ಹೇಳಿ ಹೋದರು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ.

ಮೂರನೆಯ ಭಾನುವಾರ ಚಾಪೆ ಹಾಸಿದವರು ಅತ್ತೆ. ಎರಡೂಕಾಲಾಯಿತು, ಎರಡೂವರೆಯಾಯಿತು. ಶಾಮಣ್ಣ, ಬಂದಿದ್ರೆ ತಪ್ಪಿಲ್ಲ ಅಂತಿದ್ವಿ, ಬರ್ಲಿಲ್ಲ ನೋಡಿ ಎಂದರು. ಅದರಲ್ಲಿ ಒಂದು ಪುರಾವೆ ಸಿಕ್ಕ ತೃಪ್ತಿಯಿತ್ತು. ನಾಲ್ಕನೆಯ ಜಾಗಕ್ಕೆ ನಾನು ಕೂರುತ್ತೇನೆ ಎಂದೆ. ಅತ್ತೆ ನನ್ನನ್ನು ನೋಡಿದರು.

"ನೀನು ಲೆಕ್ಕ ಹಾಕು," ಎಂದರು. "ಇನ್ಮೇಲೆ ನಾನು ಭಾನುವಾರ ಏನ್ಮಾಡ್ಲಿ ಅಂತ ಲೆಕ್ಕ ಹಾಕು."

ಚಾಪೆ ಸುತ್ತಿಟ್ಟು ಒಳಗೆ ಹೋದರು. ಆಮೇಲೆ ಅದನ್ನು ಯಾರೂ ಹಾಸಲಿಲ್ಲ. ಭಾನುವಾರ ಮಧ್ಯಾಹ್ನ ಅತ್ತೆ ಹೂಬತ್ತಿ ಹೊಸೆಯಲು ಶುರು ಮಾಡಿದರು. ಎರಡು ವರ್ಷ ಹೊಸೆದರು. ಬೀದಿಯ ದೇವಸ್ಥಾನಗಳಿಗೆಲ್ಲ ಹಂಚಿದರೂ ಮನೆಯಲ್ಲಿ ಡಬ್ಬಿಗಳು ತುಂಬಿ ಮಿಕ್ಕುತ್ತಿದ್ದವು. ನಮ್ಮ ಮನೆ ಗಾಂಧಿ ಬಜಾರಿನ ಬದಲು ಮನೆಬಾಗಿಲಿಗೆ ಬರುವ ಗಾಡಿಯಿಂದ ತರಕಾರಿ ಕೊಳ್ಳತೊಡಗಿತು. ಕಾರಣವನ್ನು ಯಾರೂ ಹೇಳಲಿಲ್ಲ. ನಮ್ಮದು ಕಾರಣ ಹೇಳುವ ಮನೆಯಲ್ಲ.

ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ನಮಗೆ ಅಪರೂಪದ ಸಂಗತಿಗಳ ಬಗ್ಗೆ ಪಾಠವಾಯಿತು. ಅಪರೂಪದ ಒಂದು ಸಂಗತಿಗೆ ಸಾಕಷ್ಟು ಅವಕಾಶ ಕೊಟ್ಟರೆ ಅದು ಅಪರೂಪವಾಗಿ ಉಳಿಯುವುದಿಲ್ಲ ಎಂಬುದು ಪಾಠದ ಸಾರ. ಮೇಷ್ಟರು ಸೀಮೆಸುಣ್ಣ ಒರೆಸಿಕೊಳ್ಳುತ್ತ, ಎಷ್ಟು ಸಲ ಬಂತು ಅನ್ನೋದನ್ನ ಕೇಳೋಕೆ ಮುಂಚೆ ಎಷ್ಟು ಸಲ ಆಡಿದ್ರಿ ಅಂತ ಕೇಳಿ ಎಂದರು. ಅವರು ಹೇಳುತ್ತಿದ್ದುದು ಕಾರ್ಖಾನೆಯ ಕೆಟ್ಟ ಬಲ್ಬುಗಳ ವಿಷಯ. ನನಗೆ ಕೇಳಿಸಿದ್ದು ನಾಲ್ಕು ಗುಲಾಮರ ವಿಷಯ.

ಮನೆಗೆ ಬಂದು ಹಳೆಯ ನೋಟ್‌ಬುಕ್ಕು ತೆಗೆದೆ. ಭಾನುವಾರಕ್ಕೆ ಸುಮಾರು ಮೂವತ್ತು ಆಟ, ಜೂನಿನಿಂದ ಫೆಬ್ರವರಿಯವರೆಗೆ ಹತ್ತಿರ ಹತ್ತಿರ ಸಾವಿರ. ಸಾವಿರ ಆಟದಲ್ಲಿ ಐನೂರ ಹದಿನಾಲ್ಕಕ್ಕೆ ಒಂದರಂತೆ ಪ್ರತಿಯೊಬ್ಬರಿಗೂ ಸರಾಸರಿ ಎರಡು ಸಲ ನಾಲ್ಕು ಗುಲಾಮರು ಬರಬೇಕು. ಮೂರು ಸಲವೋ ಅದಕ್ಕಿಂತ ಹೆಚ್ಚೋ ಬರುವ ಸಾಧ್ಯತೆ ಸುಮಾರು ಮೂರಕ್ಕೆ ಒಂದು. ನಾಲ್ವರಲ್ಲಿ ಯಾರಾದರೊಬ್ಬರಿಗೆ ಹಾಗೆ ಬರುವ ಸಾಧ್ಯತೆ ಮುಕ್ಕಾಲು ಪಾಲು. ಬರದಿದ್ದರೇ ಆಶ್ಚರ್ಯಪಡಬೇಕಿತ್ತು. ಹದಿಮೂರೂವರೆ ಕೋಟಿಗೂ ಮೂರಕ್ಕೂ ನಡುವೆ ಇರುವ ಜಾಗದಲ್ಲಿ ನಾನು ಒಬ್ಬ ಮನುಷ್ಯನನ್ನು ಕಳೆದುಬಿಟ್ಟಿದ್ದೆ.

ಅಷ್ಟೇ ಆಗಿದ್ದರೆ ಅದು ಓದು ಸಾಲದ ಹುಡುಗನ ತಪ್ಪು ಎಂದುಕೊಳ್ಳಬಹುದಿತ್ತು. ವಿಶೇಷವೆಂಬ ಮನೆಯನ್ನು ಮೇಲಿನಿಂದ ಕೆಳಕ್ಕೆ ಓದಿದೆ. ಅದೇ ವರ್ಷ ಅಪ್ಪನಿಗೆ ಎರಡು ಸಲ ನಾಲ್ಕು ಗುಲಾಮರು ಬಂದಿದ್ದರು. ಅತ್ತೆಗೆ ಒಂದು ಸಲ. ಅಪ್ಪನಿಗೆ ಎರಡನೆಯ ಸಲ ಬಂದಾಗ ಶಾಮಣ್ಣ ಅವರ ಬೆನ್ನು ತಟ್ಟಿದ್ದು ನೆನಪಿತ್ತು. ಆಗ ನಾನು ಲೆಕ್ಕ ಹಾಕಿರಲಿಲ್ಲ. ಹಾಕಬೇಕೆಂದು ತೋಚಿಯೂ ಇರಲಿಲ್ಲ.

ಅಲ್ಲಿಂದ ನನ್ನ ಕಣ್ಣು ಎರಡನೆಯ ಮನೆಗೆ ಹೋಯಿತು. ಎಲೆ ಹಂಚಿದವರು. ನಾನೇ ಗೆರೆ ಎಳೆದು, ನಾನೇ ತುಂಬಿ, ಒಮ್ಮೆಯೂ ಓದದ ಮನೆ. ಮುನಿವೆಂಕಟಪ್ಪನವರಿಗೆ ಮೊದಲ ಸಲ ಬಂದಾಗ ಎಲೆ ಹಂಚಿದವರು ಶಾಮಣ್ಣ. ಎರಡನೆಯ ಸಲ ಅಪ್ಪ. ಮೂರನೆಯ ಸಲವೂ ಅಪ್ಪ.

ನೋಟ್‌ಬುಕ್ಕು ಹಿಡಿದುಕೊಂಡು ಅತ್ತೆಯ ಹತ್ತಿರ ಹೋದೆ. ಅವರು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು. ಎಲ್ಲವನ್ನೂ ಹೇಳಿದೆ. ಸರಾಸರಿ, ಮೂರಕ್ಕೆ ಒಂದು, ಹಂಚಿದವರ ಹೆಸರು. ಅವರು ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ಯಾರು ಹಂಚಿದ್ರು ಅಂತ ನನಗೆ ಆವತ್ತೇ ಗೊತ್ತಿತ್ತು," ಎಂದರು.

ಹಾಗಿದ್ದರೆ ಏಕೆ ಹೇಳಲಿಲ್ಲ ಎಂದು ಕೇಳಿದೆ.

"ನಿನ್ನ ಲೆಕ್ಕದ ಪ್ರಕಾರ ಯಾರಾದ್ರೂ ಒಬ್ರು ಕಳ್ಳರಾಗ್ಲೇಬೇಕಿತ್ತಲ್ಲೋ. ಮುನಿವೆಂಕಟಪ್ಪ ಅಲ್ಲ ಅಂದ್ರೆ ನಿಮ್ಮಪ್ಪ. ನಾನು ಯಾರ ಮನೇಲಿ ಊಟ ಮಾಡ್ತಿದೀನಿ?"

ಇನ್ನೊಂದು ಬತ್ತಿ ಹೊಸೆದಿಟ್ಟು, ಲೆಕ್ಕ ತಪ್ಪು ಅಂತ ನನಗೆ ಹೇಳಿ ಏನುಪಯೋಗ, ಹೇಳಬೇಕಾದ್ದು ಅಲ್ಲಿ ಎಂದರು. ಬತ್ತಿಯ ಕೈಯನ್ನೇ ಗಾಂಧಿ ಬಜಾರಿನ ದಿಕ್ಕಿಗೆ ತೋರಿಸಿದರು.

ಮಾರನೆಯ ದಿನ ಕಾಲೇಜು ಮುಗಿಸಿ ಹೋದೆ. ಹೂವಿನವರ ಸಾಲು ದಾಟಿ ನಾಲ್ಕು ಅಂಗಡಿ ಆಚೆ ಅವರ ಅಂಗಡಿ. ಮುನಿವೆಂಕಟಪ್ಪ ಹುರುಳಿಕಾಯಿಯ ರಾಶಿಗೆ ನೀರು ಚಿಮುಕಿಸುತ್ತಿದ್ದರು. ನನ್ನನ್ನು ನೋಡಿ, ಬನ್ನಿ ಸ್ವಾಮಿ, ಏನು ಬೇಕಿತ್ತು ಎಂದರು. ಒಂಬತ್ತು ವರ್ಷ ನಮ್ಮ ಮನೆಗೆ ಬಂದವರು ಗಿರಾಕಿಯನ್ನು ಕೇಳುವ ಹಾಗೆ ಕೇಳಿದರು. ನಾನು ಹೊಸ ಹಾಳೆ ಬರೆದುಕೊಂಡು ಹೋಗಿದ್ದೆ. ಬದನೆಕಾಯಿಯ ಬುಟ್ಟಿಯ ಪಕ್ಕ ನಿಂತು ಅದನ್ನು ಓದಿದೆ. ನಡುವೆ ಇಬ್ಬರು ಹೆಂಗಸರು ಬಂದು ಟೊಮೇಟೊ ಕೊಂಡು ಹೋದರು. ಮುನಿವೆಂಕಟಪ್ಪ ತೂಗುವಾಗ ನಾನು ನಿಲ್ಲಿಸಿ, ಹೆಂಗಸರು ಹೋದ ಮೇಲೆ ಮುಂದುವರಿಸಿದೆ.

ಮುಗಿದ ಮೇಲೆ ಮುನಿವೆಂಕಟಪ್ಪ ಒದ್ದೆ ಕೈಯನ್ನು ಟವೆಲ್ಲಿಗೆ ಒರೆಸಿಕೊಂಡರು.

"ಹದಿಮೂರೂವರೆ ಕೋಟಿ ಅಂತ್ಲೂ ನೀವೇ ಹೇಳಿದ್ರಿ, ಮೂರಕ್ಕೊಂದು ಅಂತ್ಲೂ ನೀವೇ ಹೇಳ್ತಿದೀರಿ. ನಂಗೆ ಎರಡೂ ಗೊತ್ತಾಗಲ್ಲ. ಲೆಕ್ಕ ತಪ್ಪಿತ್ತು ಅಂತ ನಂಗೇನು ಬೇಜಾರಿಲ್ಲ ಸ್ವಾಮಿ. ಓದೋ ಹುಡುಗರು ತಪ್ಪು ಮಾಡ್ತಾರೆ." ಒಂದು ಕೊಳೆತ ಹುರುಳಿಕಾಯಿ ಆರಿಸಿ ಹೊರಗೆಸೆದರು. "ನೀವು ಅದನ್ನ ಓದಿದ್ಮೇಲೆ ಯಾರೂ ನಗ್ಲಿಲ್ಲ. ಒಬ್ಬರು ನಕ್ಕಿದ್ರೂ ಮುಂದಿನ ವಾರ ಬರ್ತಿದ್ದೆ."

ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟೆ. ತಪ್ಪಾಯ್ತು ಎಂದೆ. ಅದನ್ನು ಹಾಳೆಯಲ್ಲಿ ಬರೆದುಕೊಂಡಿರಲಿಲ್ಲ, ಹಾಗಾಗಿ ಸರಿಯಾಗಿ ಬರಲಿಲ್ಲ. ಅವರು ತಲೆಯಾಡಿಸಿ, ಅಮ್ಮಾವ್ರು ಈಗ ಯಾರ ಜೊತೆ ಆಡ್ತಾರೆ ಎಂದು ಕೇಳಿದರು. ಆಡುತ್ತಿಲ್ಲ, ಬತ್ತಿ ಹೊಸೆಯುತ್ತಾರೆ ಎಂದೆ. ಎರಡು ವರ್ಷದಿಂದಲೂ ಎಂದು ಕೇಳಿದರು. ಹೌದೆಂದೆ. ಅವರ ಮುಖದಲ್ಲಿ ಮೊದಲ ಸಲ ಬೇಸರ ಕಂಡದ್ದು ಆಗ.

ನಿಮ್ಮ ಮನೆಗೆ ಇನ್ನು ನಾನು ಬರುವುದಿಲ್ಲ ಎಂದು ಅವರು ಸ್ಪಷ್ಟವಾಗಿ ಹೇಳಿದರು. ಆದರೆ ಮಂಗಳವಾರ ಮಧ್ಯಾಹ್ನ ವ್ಯಾಪಾರ ಕಡಿಮೆ, ಅಂಗಡಿಯ ಹಿಂದೆಯೇ ಮನೆ, ಹೆಂಡತಿ ಗೌರಮ್ಮನಿಗೂ ಆಟ ಬರುತ್ತದೆ ಎಂದೂ ಹೇಳಿದರು. ಅದನ್ನು ಯಾರಿಗೂ ಹೇಳದವರ ಹಾಗೆ, ಬುಟ್ಟಿಯ ಕಡೆ ನೋಡುತ್ತ ಹೇಳಿದರು.

ನಾನು ಮನೆಗೆ ಬಂದು ಇದನ್ನು ಅತ್ತೆಗೆ ತಲುಪಿಸಿದೆ. ಅವರು ಹೋಗುವ ಸಾಧ್ಯತೆ ನನ್ನ ಅಂದಾಜಿನಲ್ಲಿ ಸೊನ್ನೆ. ಮಂಗಳವಾರ ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಒಂದು ಬಟ್ಟೆಚೀಲ ಹಿಡಿದು ಹಜಾರಕ್ಕೆ ಬಂದು, ಗಾಡಿಯವನ ತರಕಾರಿ ಬಾಡಿರತ್ತೆ, ಗಾಂಧಿ ಬಜಾರಿಗೆ ಹೋಗಿ ಬರ್ತೀನಿ, ಇವನು ಜೊತೆಗೆ ಬರ್ತಾನೆ ಎಂದು ಅಮ್ಮನಿಗೆ ಹೇಳಿದರು. ಅಮ್ಮ ಒಂದು ಕ್ಷಣ ನಿಂತು, ಕೊತ್ತಂಬರಿ ತನ್ನಿ ಎಂದಳು.

ಹೀಗೆ ಆಟ ಮತ್ತೆ ಶುರುವಾಯಿತು. ಈರುಳ್ಳಿ ಮೂಟೆಗಳ ನಡುವೆ ಜಾಗ ಮಾಡಿ ಚಾಪೆ ಹಾಸಿದ್ದರು. ಅತ್ತೆಯೂ ಮುನಿವೆಂಕಟಪ್ಪನವರೂ ಎದುರು ಬದುರು ಕೂತರು. ಕ್ಷೇಮಸಮಾಚಾರ ಕೇಳಿಕೊಳ್ಳಲಿಲ್ಲ. ಮೊದಲ ನಾಲ್ಕು ಎಲೆ ಎತ್ತಿಕೊಂಡು ಅತ್ತೆ ಹದಿನೆಂಟು ಎಂದರು. ಮುನಿವೆಂಕಟಪ್ಪ ಮೀಸೆ ಮುಟ್ಟಿಕೊಂಡರು. ಅಲ್ಲಿ ತಕರಾರು ಮಾಡುವವರು ಯಾರೂ ಇರಲಿಲ್ಲ.

ನಾನು ಗೌರಮ್ಮನವರ ಜೊತೆಗಾರ. ಅವರು ಕೈಯಲ್ಲಿ ಏನೂ ಇಲ್ಲದಿದ್ದರೂ ಇಪ್ಪತ್ತು ಕೂಗುವವರು, ಕೂಗಿ ಗೆಲ್ಲುವವರು. ನಾನು ಉಳಿದ ತುರುಪುಗಳನ್ನು ಎಣಿಸುತ್ತ ತಡಮಾಡಿದರೆ, "ಲೆಕ್ಕ ಆಮೇಲೆ ಹಾಕೀರಂತೆ, ಮೊದ್ಲು ಎಲೆ ಹಾಕಿ ಸ್ವಾಮಿ," ಎನ್ನುತ್ತಿದ್ದರು. ಮೊದಲ ವಾರ ಅವರು ಕಾಫಿ ತಂದಾಗ ಅತ್ತೆ ಬೇಡವೆಂದರು. ಎರಡನೆಯ ವಾರ ಈಗಷ್ಟೇ ಕುಡಿದು ಬಂದೆ ಎಂದರು. ಮೂರನೆಯ ವಾರ ಬಿಗಿಯಾದ ಆಟ ನಡೆಯುತ್ತಿತ್ತು, ಅತ್ತೆ ಎಲೆಯಿಂದ ಕಣ್ಣು ತೆಗೆಯದೆ ಕೈ ಚಾಚಿ ಲೋಟ ತೆಗೆದುಕೊಂಡು ಕುಡಿದರು. ಅಲ್ಲಿ ನಾಲ್ಕೂ ಒಂದೇ ಥರದ ಲೋಟ. ಮನೆಗೆ ಬರುವ ದಾರಿಯಲ್ಲಿ, ಕಾಫಿ ಪುಡಿ ಎಲ್ಲಿ ಕೊಳ್ಳುತ್ತಾರೋ ಕೇಳಬೇಕಿತ್ತು ಎಂದರು.

ಆರು ವರ್ಷ ಹೀಗೆ ನಡೆಯಿತು. ಅಷ್ಟರಲ್ಲಿ ನಾನು ಎಂ.ಎಸ್ಸಿ. ಮುಗಿಸಿ ಕೆಲಸಕ್ಕೆ ಸೇರಿದೆ. ಮಂಗಳವಾರ ಮಧ್ಯಾಹ್ನ ಪಾಠ ಹಾಕಬೇಡಿ ಎಂದು ಪ್ರಿನ್ಸಿಪಾಲರನ್ನು ಕೇಳಿಕೊಂಡೆ. ಅತ್ತೆಯನ್ನು ದೇವಸ್ಥಾನಕ್ಕೆ ಕರೆದೊಯ್ಯಬೇಕೆಂದು ಕಾರಣ ಕೊಟ್ಟೆ. ಅಪ್ಪ ಒಂದು ದಿನವೂ, ಕೊತ್ತಂಬರಿ ತರಲು ನಾಲ್ಕು ಗಂಟೆ ಏಕೆ ಬೇಕೆಂದು ಕೇಳಲಿಲ್ಲ. ಅವರಿಗೆ ಗೊತ್ತಿತ್ತೆಂದು ನನಗೆ ಗೊತ್ತಿತ್ತು. ಪ್ರತಿ ಮಂಗಳವಾರ ಸಂಜೆ ಒಳ್ಳೆಯ ತರಕಾರಿಯ ಹುಳಿ ಮಾಡಿದಾಗ ಎರಡು ಸಲ ಬಡಿಸಿಕೊಂಡು ಸುಮ್ಮನೆ ಊಟ ಮಾಡುತ್ತಿದ್ದರು.

ಎಂಬತ್ತೆಂಟರ ಬೇಸಿಗೆಯಲ್ಲಿ ಅತ್ತೆ ಹೋದರು. ಕಾಯಿಲೆ ಹದಿನೈದು ದಿನ ಮಾತ್ರ, ತಪ್ಪಿದ್ದು ಎರಡೇ ಮಂಗಳವಾರ. ವೈಕುಂಠ ಸಮಾರಾಧನೆಯ ದಿನ ನೆಂಟರ ಊಟವಾಗುತ್ತಿದ್ದಾಗ ಗೇಟಿನ ಸದ್ದಾಯಿತು. ಇಸ್ತ್ರಿ ಮಾಡಿದ ಬಿಳಿ ಶರಟಿನಲ್ಲಿ ಮುನಿವೆಂಕಟಪ್ಪ ನಿಂತಿದ್ದರು. ಗೇಟಿನ ಒಳಗೆ ಬಂದವರು ವೆರಾಂಡಾದ ಮೆಟ್ಟಿಲ ಕೆಳಗೆ ನಿಂತುಬಿಟ್ಟರು. ನಾನು ಏಳುವ ಮೊದಲೇ ಅಪ್ಪ ಎದ್ದರು. ಮೆಟ್ಟಿಲಿಳಿದು ಹೋಗಿ ಅವರ ಮೊಣಕೈ ಹಿಡಿದುಕೊಂಡರು. ವೆರಾಂಡಾ ದಾಟಿಸಿ, ನೆಂಟರೆಲ್ಲ ನೋಡುತ್ತಿದ್ದಂತೆ, ಹಜಾರದ ಒಳಗೆ ಕರೆದುಕೊಂಡು ಬಂದು ತಮ್ಮ ಕುರ್ಚಿಯಲ್ಲಿ ಕೂರಿಸಿದರು. ತಾವು ನಿಂತೇ ಇದ್ದರು. ಸಭೆಯಲ್ಲಿ ಮಾತನಾಡುವ ಅಭ್ಯಾಸವಿಲ್ಲದವರು ಎರಡು ಸಲ ಗಂಟಲು ಸರಿಮಾಡಿಕೊಂಡರು.

"ಆವತ್ತು ಎಲೆ ಹಂಚಿದ್ದು ನಾನು," ಎಂದರು.

ನೆಂಟರಿಗೆ ಏನೂ ಅರ್ಥವಾಗಲಿಲ್ಲ. ಶಾಮಣ್ಣ ನೆಲ ನೋಡುತ್ತಿದ್ದರು.

"ಗೊತ್ತು ಸ್ವಾಮಿ," ಎಂದರು ಮುನಿವೆಂಕಟಪ್ಪ. "ಒಳ್ಳೆ ಎಲೆ ಕೊಟ್ಟಿದ್ರಿ."

ಅಪ್ಪ ನಕ್ಕರು. ಅವರು ಗಟ್ಟಿಯಾಗಿ ನಕ್ಕದ್ದನ್ನು ಕೇಳಿ ಅಮ್ಮ ಅಡುಗೆಮನೆಯಿಂದ ಬಂದು ನೋಡಿದಳು. ನಗುತ್ತಲೇ ಅವರಿಗೆ ಕಣ್ಣಲ್ಲಿ ನೀರು ಬಂತು. ಎಂಟು ವರ್ಷ ತಡವಾಗಿತ್ತು. ಹದಿಮೂರು ದಿನದ ಅಂತರದಲ್ಲಿ ಅತ್ತೆಗೆ ಇದು ತಪ್ಪಿಹೋಯಿತು.

ಈಗ ಅಪ್ಪ ಇಲ್ಲ, ಶಾಮಣ್ಣ ಇಲ್ಲ, ಮುನಿವೆಂಕಟಪ್ಪನವರೂ ತೀರಿಕೊಂಡು ಬಹಳ ವರ್ಷವಾಯಿತು. ಗೌರಮ್ಮನವರು ಹನುಮಂತನಗರದಲ್ಲಿ ಮಗಳ ಮನೆಯಲ್ಲಿದ್ದಾರೆಂದು ಕೇಳಿದ್ದೆ, ಹೋಗಿರಲಿಲ್ಲ. ನಿವೃತ್ತನಾದ ಮೇಲೆ ನಾನು ಯಾರ ಮನೆಗೂ ಹೋಗುವವನಲ್ಲ. ಗಾಂಧಿ ಬಜಾರಿನಲ್ಲಿ ಆ ವಾಸನೆ ಹಿಡಿದ ದಿನ ಏಕೋ ಆಟೋ ಹತ್ತಿ ನೇರ ಅಲ್ಲಿಗೆ ಹೋದೆ. ಎಂಬತ್ತು ದಾಟಿದ್ದಾರೆ. ಕಿವಿ ಸ್ವಲ್ಪ ಮಂದ, ಕೂಗು ಹಾಗೇ ಇದೆ. ನನ್ನ ಮುಖ ನೋಡಿ, ಲೆಕ್ಕದ ಸ್ವಾಮಿ ಅಲ್ವಾ ಎಂದರು.

ಅದೂ ಇದೂ ಮಾತನಾಡುತ್ತ ನಾನು ಆ ಎರಡು ವರ್ಷದ ಮಾತೆತ್ತಿದೆ. ಆಟವಿಲ್ಲದೆ ಭಾನುವಾರ ಮುನಿವೆಂಕಟಪ್ಪನವರು ಏನು ಮಾಡುತ್ತಿದ್ದರು ಎಂದು ಕೇಳಿದೆ. ಇಷ್ಟು ವರ್ಷ ಕೇಳದೆ ಉಳಿಸಿಕೊಂಡಿದ್ದ ಪ್ರಶ್ನೆ.

ಒಂದೂವರೆಗೆ ಶರಟು ಹಾಕಿಕೊಂಡು ಕೂರುತ್ತಿದ್ದರಂತೆ. ಹೋಗಿ ಎಂದು ಇವರು ಹೇಳಿದರೆ, ಹೋಗಲ್ಲ ಸುಮ್ಮನಿರು ಎನ್ನುತ್ತಿದ್ದರಂತೆ. ಆಮೇಲೆ ಮೂಟೆಗಳ ನಡುವೆ ಕೂತು, ಒಬ್ಬರೇ ನಾಲ್ಕು ಜಾಗಕ್ಕೆ ಎಲೆ ಹಂಚುವುದು, ತಿರುಗಿಸಿ ನೋಡುವುದು, ಕಲೆಸಿ ಮತ್ತೆ ಹಂಚುವುದು. ಎರಡು ವರ್ಷದ ಭಾನುವಾರಗಳೆಲ್ಲ ಅದೇ.

"ನಾಲ್ಕು ಗುಲಾಮರು ಒಂದೇ ಕಡೆ ತಾನಾಗೇ ಬರ್ತಾರಾ ಅಂತ ನೋಡ್ತಿದ್ರು," ಎಂದರು ಗೌರಮ್ಮ. "ಬಂದಾಗ್ಲೆಲ್ಲ ನನ್ನ ಕರೆದು ತೋರಿಸೋರು. ಮುಟ್ಬೇಡ, ನೋಡು ಅನ್ನೋರು."

ನಾನು ಹಾಳೆಯ ಮೇಲೆ ಹಾಕಿದ್ದನ್ನು ಆ ಮನುಷ್ಯ ಚಾಪೆಯ ಮೇಲೆ ಹಾಕಿದ್ದರು. ನಾನು ತಪ್ಪು ಉತ್ತರ ತಂದೆ. ಅವರು ಸರಿಯಾದದ್ದನ್ನು ಎರಡು ವರ್ಷ ಕೈಯಲ್ಲಿಟ್ಟುಕೊಂಡೂ ಯಾರ ಮನೆಯ ಗೇಟಿಗೂ ತರಲಿಲ್ಲ. ಎಷ್ಟು ಸಲ ಬಂತು ಎಂದು ಕೇಳಬೇಕೆಂದು ನನ್ನ ನಾಲಿಗೆ ತುದಿಗೆ ಬಂತು. ಕೇಳಲಿಲ್ಲ.

ಗೌರಮ್ಮ ಆಟವಾಡಿ ಎಷ್ಟೋ ವರ್ಷವಾಯಿತಂತೆ. ಮನೆಯಲ್ಲಿ ಯಾರಿಗೂ ಬಾರದಂತೆ. ಇನ್ನಿಬ್ಬರು ಸಿಕ್ಕಿದ್ರೆ ಕರ್ಕೊಂಡ್ ಬನ್ನಿ ಸ್ವಾಮಿ, ಆಡೋಣ ಎಂದರು. ಹಾಗಾಗಿ ಹದಿನೈದು ದಿನದಿಂದ ನಾನು ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬಾಗಿಲು ಬಾಗಿಲಿಗೆ ಹೋಗಿ, ಇಪ್ಪತ್ತೆಂಟು ಬರುತ್ತದೆಯೇ ಎಂದು ಕೇಳುತ್ತಿದ್ದೇನೆ. ಎಲ್ಲರೂ ಒಳಗೆ ಕರೆದು ಕೂರಿಸುತ್ತಾರೆ. ಮೂರನೆಯ ಮಹಡಿಯ ನಿವೃತ್ತ ನರ್ಸ್ ಒಬ್ಬರು ಬರುತ್ತದೆ ಎಂದಿದ್ದಾರೆ. ಇನ್ನೊಬ್ಬರು ಬೇಕು.